ಹಳೆಯ ವಾಷಿಂಗ್ ಮೆಷಿನ್: ರಿಪೇರಿ ಮಾಡಿಸೋದಾ, ಹೊಸದು ತರೋದಾ?

ಕಳೆದ ಎರಡು ವರ್ಷದಲ್ಲಿ ನಮ್ಮ ಕುಟುಂಬದ ಮೂರು ಮನೆಗಳಲ್ಲಿ ಮೂರು ವಾಷಿಂಗ್ ಮೆಷಿನ್ ಕೆಟ್ಟವು. ತಿಪಟೂರಿನಲ್ಲಿ ಅಮ್ಮನ ಮನೆಯ ಸೆಮಿ ಆಟೋಮ್ಯಾಟಿಕ್‌ಗೆ 14 ವರ್ಷ. ಬೆಂಗಳೂರಿನ ನಮ್ಮ ಟಾಪ್ ಲೋಡ್‌ಗೆ 9 ವರ್ಷ. ಸುರತ್ಕಲ್‌ನಲ್ಲಿರುವ ಅಕ್ಕನ ಫ್ರಂಟ್ ಲೋಡ್‌ಗೆ 7 ವರ್ಷ. ಹಳೆಯವೆರಡನ್ನೂ ರಿಪೇರಿ ಮಾಡಿಸಿದೆವು. ಇವತ್ತಿಗೂ ಓಡುತ್ತಿವೆ. ಮೂರರಲ್ಲಿ ವಯಸ್ಸಿಗೆ ಚಿಕ್ಕದಾಗಿದ್ದ ಅಕ್ಕನ ಮೆಷಿನ್ನನ್ನೇ ಕೊಟ್ಟು ಹೊಸದು ತಂದೆವು.

ಮೆಷಿನ್ ಕೆಟ್ಟಿತು ಅಂದ ತಕ್ಷಣ ಎಲ್ಲರೂ ಕೇಳುವುದು "ಎಷ್ಟು ವರ್ಷ ಆಯ್ತು?" ಅಂತ. ಅಂಗಡಿಯವರು ಕೇಳುತ್ತಾರೆ, ನೆಂಟರು ಕೇಳುತ್ತಾರೆ. ಎಂಟು ವರ್ಷ ಅಂದರೆ ಸಾಕು, "ಅಯ್ಯೋ, ಸುಮ್ನೆ ಅದಕ್ಕೆ ದುಡ್ಡು ಹಾಕಬೇಡಿ" ಅನ್ನುತ್ತಾರೆ. ವಯಸ್ಸು ಮುಖ್ಯವೇ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಎರಡು ಪ್ರಶ್ನೆಗಳಿವೆ. ಕೆಟ್ಟಿರುವುದು ಯಾವ ಭಾಗ? ಅದನ್ನು ಸರಿ ಮಾಡಿಸಿದರೆ ಇನ್ನೆಷ್ಟು ವರ್ಷ ಓಡುತ್ತದೆ? ಈ ಎರಡಕ್ಕೆ ಉತ್ತರ ಸಿಕ್ಕಿದರೆ ನಿರ್ಧಾರ ಮುಕ್ಕಾಲು ಪಾಲು ಆದ ಹಾಗೆ.

ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು

ಕೆಲವು ಸಲ ಮೆಷಿನ್ ಕೆಟ್ಟಿರುವುದೇ ಇಲ್ಲ. ವಿಸಿಟಿಂಗ್ ಚಾರ್ಜ್ ಅಂತ 300ರಿಂದ 600 ರೂಪಾಯಿ ಕೊಡುವ ಮೊದಲು ಹತ್ತು ನಿಮಿಷ ನೀವೇ ನೋಡಿ. ಏನೇ ಮುಟ್ಟುವ ಮೊದಲು ಪ್ಲಗ್ ತೆಗೆಯಿರಿ. ಇದನ್ನು ಮಾತ್ರ ಮರೆಯಬೇಡಿ.

ನೀರು ತುಂಬುವುದು ನಿಧಾನವಾಗಿದ್ದರೆ, ನಲ್ಲಿಯಿಂದ ಬರುವ ಪೈಪನ್ನು ಮೆಷಿನ್ ಕಡೆಯಿಂದ ಬಿಚ್ಚಿ. ಅಲ್ಲಿ ಒಂದು ಸಣ್ಣ ಜಾಲರಿ ಇರುತ್ತದೆ. ಬೋರ್ ನೀರಿನ ಮನೆಗಳಲ್ಲಿ ಅದರ ತುಂಬ ಮರಳು, ಬಿಳಿ ಪುಡಿ ಕೂತಿರುತ್ತದೆ. ಹಳೆಯ ಟೂತ್ ಬ್ರಶ್‌ನಲ್ಲಿ ಉಜ್ಜಿ ತೊಳೆದರೆ ಎಷ್ಟೋ ಸಲ ಕೆಲಸ ಮುಗಿಯಿತು. ಕೊನೆಯ ಮಹಡಿಯ ಮನೆಗಳದ್ದು ಬೇರೆ ಕಥೆ. ಮೇಲಿನ ಟ್ಯಾಂಕ್ ತಲೆಯ ಮೇಲೇ ಇರುವುದರಿಂದ ನೀರಿಗೆ ಒತ್ತಡ ಕಡಿಮೆ. ಅದಕ್ಕೆ ಮೆಷಿನ್ ಬದಲಾಯಿಸಿದರೂ ಹೊಸ ಮೆಷಿನ್ ಅದೇ ತಕರಾರು ಮಾಡುತ್ತದೆ.

ನೀರು ಹೊರಗೆ ಹೋಗುತ್ತಿಲ್ಲ ಅಂದರೆ ಡ್ರೈನ್ ಪೈಪ್ ಎಲ್ಲಾದರೂ ಮಡಚಿಕೊಂಡಿದೆಯಾ ನೋಡಿ. ಫ್ರಂಟ್ ಲೋಡ್ ಆದರೆ ಕೆಳಗಿನ ಮೂಲೆಯಲ್ಲಿ ಸಣ್ಣ ಬಾಗಿಲಿನ ಹಿಂದೆ ಫಿಲ್ಟರ್ ಇರುತ್ತದೆ. ಒಂದು ತಟ್ಟೆ, ಹಳೆಯ ಟವಲ್ ಇಟ್ಟುಕೊಂಡು ತಿರುಗಿಸಿ ತೆಗೆಯಿರಿ. ನಮ್ಮ ಪಕ್ಕದ ಮನೆಯವರ ಮೆಷಿನ್‌ನ ಫಿಲ್ಟರ್‌ನಿಂದ ಎರಡು ಸೀರೆ ಪಿನ್ನು, ಒಂದು ಐದು ರೂಪಾಯಿ ನಾಣ್ಯ, ಮಗುವಿನ ಒಂದು ಕಾಲುಚೀಲ ಬಂದವು. ಪಂಪ್ ಹೋಗಿದೆ ಅಂದುಕೊಂಡು ಅವರು ಆಗಲೇ ಹೊಸ ಮೆಷಿನ್‌ನ ರೇಟ್ ವಿಚಾರಿಸಿ ಬಂದಿದ್ದರು.

ಸ್ಪಿನ್ ಆಗುವಾಗ ಮೆಷಿನ್ ಕುಣಿಯುತ್ತಿದ್ದರೆ ನಾಲ್ಕು ಕಾಲೂ ನೆಲಕ್ಕೆ ಸಮವಾಗಿ ಕೂತಿವೆಯಾ ನೋಡಿ. ಒಂದೇ ದಪ್ಪ ಬೆಡ್‌ಶೀಟ್ ಹಾಕಿದ್ದೀರಾ ಅಂತಲೂ ನೋಡಿ. ಒಂಟಿ ಬೆಡ್‌ಶೀಟ್ ಒಂದು ಕಡೆ ಮುದ್ದೆಯಾಗಿ ಕೂತರೆ ಯಾವ ಮೆಷಿನ್ ಆದರೂ ಕುಣಿಯುತ್ತದೆ.

ಇಲಿಯ ವಿಷಯವನ್ನೂ ಹೇಳಲೇಬೇಕು. ಟಾಪ್ ಲೋಡ್ ಮೆಷಿನ್‌ಗಳ ತಳ ಎಷ್ಟೋ ಸಲ ತೆರೆದೇ ಇರುತ್ತದೆ. ಇಲಿ ಒಳಗೆ ಹೋಗಿ ವೈರ್ ಕಡಿಯುತ್ತದೆ. ಹಲ್ಲಿ, ಜಿರಳೆ ಬೋರ್ಡ್ ಮೇಲೆ ಹರಿದಾಡಿ ಶಾರ್ಟ್ ಆಗುವುದೂ ಉಂಟು. ಮೆಷಿನ್ ಒಮ್ಮೆಲೇ ಸತ್ತ ಹಾಗೆ ನಿಂತಿದ್ದರೆ ಟಾರ್ಚ್ ಹಿಡಿದು ತಳ ನೋಡಿ. ಕಡಿದ ವೈರ್ ಕಂಡರೆ ಖುಷಿಪಡಿ, ಅದು ಕಡಿಮೆ ಖರ್ಚಿನ ಕೆಲಸ. ಆಮೇಲೆ ಇಲಿ ಜಾಲರಿ ಹಾಕಿಸಿ.

ಕೈ ಬೆರಳಿಗೆ ಗಾಯವಾ, ಬೆನ್ನುಮೂಳೆಗೆ ಪೆಟ್ಟಾ

ಒಳಗಿನ ಭಾಗಗಳನ್ನು ನಾನು ಎರಡು ಗುಂಪು ಮಾಡಿಕೊಂಡಿದ್ದೇನೆ. ಕೆಲವು ತಾವಷ್ಟೇ ಕೆಡುತ್ತವೆ. ಬದಲಾಯಿಸಿದರೆ ಮೆಷಿನ್ ಮೊದಲಿನ ಹಾಗೇ ಓಡುತ್ತದೆ. ಬೆಲ್ಟ್, ಕೆಪಾಸಿಟರ್, ನೀರು ಬಿಡುವ ಇನ್‌ಲೆಟ್ ವಾಲ್ವ್, ಡ್ರೈನ್ ಪಂಪ್ ಅಥವಾ ಡ್ರೈನ್ ಮೋಟಾರ್, ಬಾಗಿಲಿನ ಲಾಕ್, ಟೈಮರ್, ಫ್ರಂಟ್ ಲೋಡ್‌ನ ಹೀಟರ್, ಟಾಪ್ ಲೋಡ್‌ನ ಟಬ್ ಹಿಡಿದಿರುವ ನಾಲ್ಕು ಸಸ್ಪೆನ್ಷನ್ ರಾಡ್‌ಗಳು, ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಇವು ಹೋದರೆ ಮೆಷಿನ್‌ಗೆ ಹತ್ತು ವರ್ಷ ಆಗಿದ್ದರೂ ರಿಪೇರಿಯ ಕಡೆಗೇ ನನ್ನ ಓಟು.

ಅಮ್ಮನ ಮೆಷಿನ್‌ಗೆ ಆಗಿದ್ದು ಇದೇ. ಸ್ಪಿನ್ ಕಡೆಯ ಟಬ್ "ಹ್ಮ್" ಅಂತ ಸದ್ದು ಮಾಡುತ್ತಿತ್ತು, ತಿರುಗುತ್ತಿರಲಿಲ್ಲ. ಕೈಯಲ್ಲಿ ಸ್ವಲ್ಪ ತಿರುವಿ ಕೊಟ್ಟರೆ ಓಡುತ್ತಿತ್ತು ಅಂತ ಅಮ್ಮ ಫೋನಲ್ಲಿ ಹೇಳಿದರು. ದಯವಿಟ್ಟು ನೀವು ಹೀಗೆ ಮಾಡಬೇಡಿ, ಬಟ್ಟೆಗೆ ಬೆರಳು ಸಿಕ್ಕಿಕೊಂಡರೆ ಕಷ್ಟ. ಆದರೆ ಆ ಲಕ್ಷಣ ಕೇಳಿದ ಕೂಡಲೇ ತಿಪಟೂರಿನ ಮೆಕ್ಯಾನಿಕ್ "ಕೆಪಾಸಿಟರ್ ಹೋಗಿರುತ್ತಮ್ಮ" ಅಂದರು. ಅದೇ ಆಗಿತ್ತು. ಮೋಟಾರ್‌ಗೆ ಮೊದಲ ತಳ್ಳು ಕೊಡುವುದೇ ಕೆಪಾಸಿಟರ್. ಜೊತೆಗೆ ಮುಚ್ಚಳ ತೆಗೆದಾಗ ಟಬ್ ನಿಲ್ಲಿಸುವ ಬ್ರೇಕ್ ವೈರ್ ಸಡಿಲವಾಗಿತ್ತು. ಎರಡೂ ಸೇರಿ 750 ರೂಪಾಯಿ. ಸೆಮಿ ಆಟೋಮ್ಯಾಟಿಕ್‌ಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ: ಟಬ್ ಒಡೆದಿಲ್ಲ, ತಳ ತುಕ್ಕು ಹಿಡಿದು ತೂತಾಗಿಲ್ಲ ಅಂದರೆ ರಿಪೇರಿ ಮಾಡಿಸುತ್ತಲೇ ಇರಿ. ಒಳಗೆ ಎರಡು ಮೋಟಾರ್, ಎರಡು ಟೈಮರ್, ಒಂದು ಬೆಲ್ಟ್, ಒಂದಿಷ್ಟು ರಬ್ಬರ್ ಸೀಲು. ಊರಿನ ಮೆಕ್ಯಾನಿಕ್‌ಗೆ ಇವೆಲ್ಲ ಕಣ್ಣುಮುಚ್ಚಿ ಮಾಡುವ ಕೆಲಸ, ಬಿಡಿ ಭಾಗ ತಾಲೂಕು ಮಟ್ಟದಲ್ಲೂ ಸಿಗುತ್ತದೆ.

ನಮ್ಮ ಟಾಪ್ ಲೋಡ್‌ನಲ್ಲಿ ಹೋಗಿದ್ದು ಡ್ರೈನ್ ಮೋಟಾರ್. ಟಾಪ್ ಲೋಡ್‌ಗಳಲ್ಲಿ ಈ ಪುಟ್ಟ ಮೋಟಾರ್ ಎರಡು ಕೆಲಸ ಒಟ್ಟಿಗೆ ಮಾಡುತ್ತದೆ. ನೀರು ಬಿಡುವ ವಾಲ್ವ್ ಎಳೆಯುತ್ತದೆ, ಅದೇ ಎಳೆತದಲ್ಲಿ ಕ್ಲಚ್ಚನ್ನು ಸ್ಪಿನ್‌ಗೆ ಬದಲಾಯಿಸುತ್ತದೆ. ಹಾಗಾಗಿ ಅದು ಹೋದರೆ ನೀರೂ ಹೋಗುವುದಿಲ್ಲ, ಸ್ಪಿನ್ನೂ ಆಗುವುದಿಲ್ಲ. ನೋಡುವವರಿಗೆ ಮೆಷಿನ್ ಪೂರ್ತಿ ಕೆಟ್ಟ ಹಾಗೆ ಕಾಣುತ್ತದೆ. ನಮಗೆ ಮೊದಲು ಬಂದವರು "ಮೇಡಂ, ಗೇರ್ ಬಾಕ್ಸ್ ಹೋಗಿದೆ, ಏಳು ಸಾವಿರ ಆಗುತ್ತೆ" ಅಂದರು. ಎರಡನೆಯವರು ಮೆಷಿನ್ ಮಲಗಿಸಿ ನೋಡಿ 1,900 ರೂಪಾಯಿಗೆ ಮುಗಿಸಿದರು. ದೊಡ್ಡ ಮೊತ್ತ ಹೇಳಿದಾಗ ಇನ್ನೊಬ್ಬರನ್ನು ಕೇಳುವುದು ಅನುಮಾನವಲ್ಲ, ಎಚ್ಚರ.

ಬೇರಿಂಗ್: ಇಲ್ಲೇ ನಿರ್ಧಾರ ಕಷ್ಟ

ಎರಡನೆಯ ಗುಂಪಿನವು ಕೆಟ್ಟರೆ ಜೊತೆಗಿನ ಭಾಗಗಳನ್ನೂ ಕೆಡಿಸುತ್ತವೆ. ಅದರಲ್ಲಿ ಮೊದಲು ಬರುವುದು ಬೇರಿಂಗ್, ಅಂದರೆ ಡ್ರಮ್‌ನ ಶಾಫ್ಟ್ ಸಲೀಸಾಗಿ ತಿರುಗಲು ಅದನ್ನು ಹಿಡಿದಿರುವ ಲೋಹದ ಬಳೆ. ಸ್ಪಿನ್ ಜೋರಾದಾಗ ಹಿಟ್ಟಿನ ಗಿರಣಿಯ ಹಾಗೆ ಗರಗರ ಸದ್ದು ಬರುತ್ತದೆ. ವಾರ ವಾರಕ್ಕೂ ಜಾಸ್ತಿ ಆಗುತ್ತದೆ. ಕೆಲವರಿಗೆ ಬಟ್ಟೆಯ ಮೇಲೆ ಕಂದು ಬಣ್ಣದ ಗ್ರೀಸ್ ಕಲೆ ಕಾಣುತ್ತದೆ. ಫ್ರಂಟ್ ಲೋಡ್‌ನಲ್ಲಿ ಪರೀಕ್ಷೆ ಸುಲಭ. ಪ್ಲಗ್ ತೆಗೆದು, ಬಾಗಿಲು ತೆರೆದು, ಸ್ಟೀಲ್ ಡ್ರಮ್‌ನ ಮೇಲಿನ ಅಂಚು ಹಿಡಿದು ಮೇಲಕ್ಕೆತ್ತಿ. ಡ್ರಮ್ಮೂ ಹೊರಗಿನ ಟಬ್ಬೂ ಒಟ್ಟಿಗೆ ತೂಗಿದರೆ ಸರಿ ಇದೆ, ಅದು ಸ್ಪ್ರಿಂಗ್‌ನ ಆಟ. ಡ್ರಮ್ ಮಾತ್ರ ಟಕ್ ಟಕ್ ಅಂತ ಅಲುಗಾಡಿದರೆ ಬೇರಿಂಗ್ ಹೋಗಿದೆ.

ಬೇರಿಂಗ್ ಅನ್ನುವುದು ಕೆಲವು ನೂರು ರೂಪಾಯಿಯ ಸಾಮಾನು. ಖರ್ಚೆಲ್ಲ ಅದರ ತನಕ ಹೋಗುವುದಕ್ಕೆ. ಮೆಷಿನ್ ಪೂರ್ತಿ ಬಿಚ್ಚಿ, ಟಬ್ ಹೊರಗೆ ತೆಗೆದು, ಎರಡು ಭಾಗ ಮಾಡಬೇಕು. ಕೇಳಲೇಬೇಕಾದ ಪ್ರಶ್ನೆ ಇಲ್ಲಿದೆ: ನಿಮ್ಮ ಮೆಷಿನ್‌ನ ಟಬ್ ಸ್ಕ್ರೂ ಹಾಕಿ ಕೂಡಿಸಿದ್ದಾ, ಇಲ್ಲ ಅಂಚನ್ನು ಕರಗಿಸಿ ಅಂಟಿಸಿದ್ದಾ? ಸ್ಕ್ರೂ ಇದ್ದರೆ ಒಳ್ಳೆಯ ಮೆಕ್ಯಾನಿಕ್ ಬೇರಿಂಗ್, ಸೀಲು ಎರಡನ್ನೂ ಬದಲಾಯಿಸಿ ಕೊಡುತ್ತಾರೆ. ನಾವು ವಿಚಾರಿಸಿದಾಗ 4,000ದಿಂದ 7,000 ರೂಪಾಯಿ ಹೇಳಿದರು. ಸೀಲು ಬದಲಾಯಿಸದೆ ಬೇರಿಂಗ್ ಮಾತ್ರ ಹಾಕಿಸಬೇಡಿ. ಬೇರಿಂಗ್ ಹಾಳಾಗುವುದೇ ಸೀಲು ಸೋರಿ ನೀರು ಒಳಗೆ ಹೋದದ್ದರಿಂದ.

ಅಂಟಿಸಿದ ಟಬ್ ಆದರೆ ಕಂಪನಿಯವರು ಪೂರ್ತಿ ಟಬ್ ಸೆಟ್ ಬದಲಾಯಿಸಬೇಕು ಅನ್ನುತ್ತಾರೆ. ಕೆಲವು ಮೆಕ್ಯಾನಿಕ್‌ಗಳು ಗರಗಸದಲ್ಲಿ ಕೊಯ್ದು, ಬೇರಿಂಗ್ ಹಾಕಿ, ಅಂಟು ಸ್ಕ್ರೂ ಹಾಕಿ ಮುಚ್ಚುತ್ತಾರೆ. ಒಳಗೆ ಡ್ರಮ್ ಅಷ್ಟು ವೇಗದಲ್ಲಿ ತಿರುಗುವ ಟಬ್ ವಿಷಯದಲ್ಲಿ ನನಗೆ ಆ ಧೈರ್ಯ ಇಲ್ಲ.

ಅಕ್ಕನ ಮೆಷಿನ್ ಅಂಟಿಸಿದ ಟಬ್‌ನದ್ದು. ಟಬ್ ಸೆಟ್‌ಗೆ 14,500 ರೂಪಾಯಿ ಹೇಳಿದರು. ಬಿಚ್ಚಿದಾಗ ಇನ್ನೂ ಎರಡು ವಿಷಯ ಕಂಡವು. ಡ್ರಮ್‌ನ ಹಿಂದೆ ಮೂರು ಕೈ ಚಾಚಿದ ಅಲ್ಯೂಮಿನಿಯಂ ತುಂಡೊಂದು ಇರುತ್ತದೆ, ಅದಕ್ಕೆ ಸ್ಪೈಡರ್ ಅನ್ನುತ್ತಾರೆ. ಸೋಪಿನ ಗಸಿ ಕೂತು ಕೂತು ಅದು ಬೆಲ್ಲದ ಅಚ್ಚಿಗೆ ಇರುವೆ ಹತ್ತಿದ ಹಾಗೆ ಸವೆದಿತ್ತು. ಇನ್ನೊಂದು, ಸಮುದ್ರದ ಗಾಳಿಗೆ ಹೊರಮೈಯ ತಳ ತುಕ್ಕು ಹಿಡಿದು ಪದರ ಪದರವಾಗಿ ಏಳುತ್ತಿತ್ತು. ಕರಾವಳಿಯವರು ರಿಪೇರಿಗೆ ಒಪ್ಪುವ ಮೊದಲು ಮೆಷಿನ್ ತಳ ನೋಡಲೇಬೇಕು. ಒಳಗೆಲ್ಲ ಹೊಸದು ಹಾಕಿಸಿ, ಹೊರಗಿನ ಪೆಟ್ಟಿಗೆ ಒಂದೇ ವರ್ಷದಲ್ಲಿ ಕುಸಿದರೆ ಏನು ಪ್ರಯೋಜನ?

ಬೇರಿಂಗ್ ಸದ್ದು ಶುರುವಾದ ಮೇಲೆ "ನೋಡೋಣ" ಅಂತ ತಿಂಗಳುಗಟ್ಟಲೆ ಓಡಿಸಬೇಡಿ. ಶಾಫ್ಟ್ ಸವೆಯುತ್ತದೆ, ಡ್ರಮ್ ಟಬ್‌ಗೆ ತಾಗುತ್ತದೆ. ಐದು ಸಾವಿರದ ಕೆಲಸ ಆಮೇಲೆ ಮಾಡಿಸಲಾಗದ ಕೆಲಸ ಆಗುತ್ತದೆ. ಅಕ್ಕ ಆರು ತಿಂಗಳು ಓಡಿಸಿದ್ದಳು.

ಬೋರ್ಡ್ ಹೋಯ್ತು ಅಂದರೆ

ಪಿಸಿಬಿ, ಅಂದರೆ ಮೆಷಿನ್‌ನ ಬೋರ್ಡ್, ಎರಡೂ ಗುಂಪಿನ ಮಧ್ಯೆ ನಿಲ್ಲುತ್ತದೆ. ಕಂಪನಿಯವರು ರಿಪೇರಿ ಮಾಡುವುದು ಅಪರೂಪ, ಇಡೀ ಬೋರ್ಡ್ ಬದಲಾಯಿಸುತ್ತಾರೆ. ಮಾಡೆಲ್ ನೋಡಿ 3,000ದಿಂದ 8,000 ರೂಪಾಯಿ ಆಗಬಹುದು. ಹೊರಗೆ ಬೋರ್ಡ್ ರಿಪೇರಿ ಮಾಡುವವರಿದ್ದಾರೆ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಗೊತ್ತಲ್ವಾ, ಅಲ್ಲಿಯ ಸುತ್ತಮುತ್ತ ಇಂಥ ಕೈಗಳಿವೆ. ರಿಲೇ, ಫ್ಯೂಸ್‌ನಂಥ ಸಣ್ಣ ಭಾಗ ಸುಟ್ಟಿದ್ದರೆ ಕಾಲು ಭಾಗದ ಖರ್ಚಿನಲ್ಲಿ ಸರಿ ಹೋಗುತ್ತದೆ. ಟಾಪ್ ಲೋಡ್‌ನ ಬೋರ್ಡ್‌ಗಳಿಗೆ ನೀರು ತಾಗದಿರಲಿ ಅಂತ ಮೇಲೆಲ್ಲ ಅಂಟು ಸುರಿದಿರುತ್ತಾರೆ. ಅದನ್ನು ಕೆರೆದು ರಿಪೇರಿ ಮಾಡುವುದು ತಾಳ್ಮೆಯ ಕೆಲಸ, ಎಲ್ಲರೂ ಒಪ್ಪುವುದಿಲ್ಲ.

ಬೋರ್ಡ್ ಯಾಕೆ ಹೋಯಿತು ಅಂತ ತಿಳಿಯದೆ ಹೊಸದು ಹಾಕಿಸುವುದು ದುಡ್ಡು ಸುಟ್ಟ ಹಾಗೆ. ವೋಲ್ಟೇಜ್ ಏರಿಳಿತವಾ? ಮಳೆಗಾಲದಲ್ಲಿ ಬಾಲ್ಕನಿಯ ಎರಚಲಾ? ಸೋರುವ ಪೈಪಾ? ಕಾರಣ ಹಾಗೇ ಇದ್ದರೆ ಹೊಸ ಬೋರ್ಡ್ ಕೂಡ ಅದೇ ದಾರಿ ಹಿಡಿಯುತ್ತದೆ. ಅಕ್ಕನ ಮನೆಯಲ್ಲಿ ಬೇರಿಂಗ್‌ಗಿಂತ ಒಂದು ವರ್ಷ ಮೊದಲು 6,800 ರೂಪಾಯಿ ಕೊಟ್ಟು ಬೋರ್ಡ್ ಹಾಕಿಸಿದ್ದರು. ಆ ದುಡ್ಡು ಹೋಗುತ್ತಲ್ಲ ಅಂತಲೇ ಭಾವ ಹೊಸ ಮೆಷಿನ್‌ಗೆ ಒಪ್ಪಲು ತಡ ಮಾಡಿದರು. ಅವರ ಸಂಕಟ ಅರ್ಥವಾಗುತ್ತದೆ. ಆದರೆ ಕೊಟ್ಟ ದುಡ್ಡು ಹೇಗೂ ಕೊಟ್ಟಾಯಿತು. ಮುಂದೆ ಕೊಡುವ ದುಡ್ಡನ್ನು ಮಾತ್ರ ಲೆಕ್ಕ ಹಾಕಬೇಕು.

ವರ್ಷಕ್ಕೆ ಎಷ್ಟು ಬೀಳುತ್ತದೆ

ರಿಪೇರಿ ಖರ್ಚು ಹೊಸದರ ಅರ್ಧ ಬೆಲೆ ದಾಟಿದರೆ ಹೊಸದು ತಗೊಳ್ಳಿ ಎಂಬ ಸೂತ್ರ ಎಲ್ಲರ ಬಾಯಲ್ಲಿದೆ. ಅದನ್ನು ನಾನು ನಂಬುವುದಿಲ್ಲ. ಅಕ್ಕನ ಲೆಕ್ಕವನ್ನೇ ನೋಡಿ. ಹೊಸದು 34,000, ಅರ್ಧ ಅಂದರೆ 17,000. ರಿಪೇರಿ 14,500. ಆ ಸೂತ್ರದ ಪ್ರಕಾರ ರಿಪೇರಿ ಮಾಡಿಸಬೇಕಿತ್ತು. ತುಕ್ಕು ಹಿಡಿದ ಪೆಟ್ಟಿಗೆಗೆ ಅಷ್ಟು ಹಾಕುವುದು ಸರಿಯಾ?

ನಾನು ಮಾಡುವುದು ಬೇರೆ ಲೆಕ್ಕ. ಖರ್ಚನ್ನು ಸಿಗುವ ವರ್ಷಗಳಿಂದ ಭಾಗಿಸಿ. ಅಕ್ಕನ ಮೆಷಿನ್ ರಿಪೇರಿಯಾಗಿ ಮೂರು ವರ್ಷ ಓಡಿದರೂ ವರ್ಷಕ್ಕೆ ಸುಮಾರು 4,800 ಬೀಳುತ್ತಿತ್ತು. ಹೊಸದು ಒಂಬತ್ತು ವರ್ಷ ಬಂದರೆ ವರ್ಷಕ್ಕೆ 3,800ಕ್ಕಿಂತ ಕಡಿಮೆ. ಹೊಸದೇ ಗೆದ್ದಿತು. ನಮ್ಮ ಟಾಪ್ ಲೋಡ್‌ಗೆ 1,900 ಕೊಟ್ಟೆವು. ಎರಡೇ ವರ್ಷ ಓಡಿದರೂ ವರ್ಷಕ್ಕೆ 950. ಅಂಥದ್ದೇ ಹೊಸದು 22,000, ಹತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 2,200. ಇಲ್ಲಿ ರಿಪೇರಿ ಗೆದ್ದಿತು.

ಎಷ್ಟು ವರ್ಷ ಸಿಗುತ್ತದೆ ಎಂದು ಯಾರೂ ಬರೆದುಕೊಡುವುದಿಲ್ಲ, ನಿಜ. ನಾನು ಕೈಬಿಗಿ ಹಿಡಿದೇ ಅಂದಾಜು ಮಾಡುತ್ತೇನೆ. ಸಣ್ಣ ಭಾಗಕ್ಕೆ ಎರಡು ವರ್ಷ. ಸ್ಕ್ರೂ ಟಬ್‌ನಲ್ಲಿ ಸೀಲು ಸಮೇತ ಬೇರಿಂಗ್ ಹಾಕಿಸಿದರೆ ನಾಲ್ಕು ವರ್ಷ. ರಿಪೇರಿ ಮಾಡಿದ ಬೋರ್ಡ್‌ಗೆ ಒಂದೇ ವರ್ಷ. ಆಮೇಲೆ ಹಿಂದಿನ ಬಿಲ್‌ಗಳನ್ನು ಮುಂದಿಟ್ಟುಕೊಳ್ಳುತ್ತೇನೆ. ಒಂದೂವರೆ ವರ್ಷದಲ್ಲಿ ಮೂರು ಬೇರೆ ಬೇರೆ ಭಾಗ ಹೋಗಿದ್ದರೆ, ಖರ್ಚು ಸಣ್ಣದಾದರೂ ರಿಪೇರಿ ನಿಲ್ಲಿಸುವ ಸಮಯ. ಒಂದೇ ಭಾಗ ಮೂರು ಸಲ ಹೋಗಿದ್ದರೆ ತಪ್ಪು ಮೆಷಿನ್‌ನದ್ದಲ್ಲ. ನೀರು, ಕರೆಂಟು, ಇಲಿ, ಈ ಮೂರರಲ್ಲಿ ಒಂದನ್ನು ಹುಡುಕಿ.

ಮೈ ಮುಟ್ಟಿದರೆ ಶಾಕ್ ಹೊಡೆಯುವ ಮೆಷಿನ್‌ಗೆ ಮಾತ್ರ ಯಾವ ಲೆಕ್ಕವೂ ಬೇಡ. ಅವತ್ತೇ ಪ್ಲಗ್ ತೆಗೆದು, ಮೊದಲು ಮನೆಯ ಅರ್ಥಿಂಗ್ ಪರೀಕ್ಷೆ ಮಾಡಿಸಿ.

ಹೊಸದು ತಂದರೆ ನೀರು, ಕರೆಂಟು ಉಳಿಯುತ್ತಾ?

ಅಂಗಡಿಯಲ್ಲಿ ಇದನ್ನು ತುಂಬ ಜೋರಾಗಿ ಹೇಳುತ್ತಾರೆ. ಸ್ವಲ್ಪ ಲೆಕ್ಕ ಮಾಡೋಣ. ಟಾಪ್ ಲೋಡ್ ಒಂದು ಸಲಕ್ಕೆ ಸುಮಾರು 120 ಲೀಟರ್, ಫ್ರಂಟ್ ಲೋಡ್ ಸುಮಾರು 55 ಲೀಟರ್ ಬಳಸುತ್ತದೆ ಅಂದುಕೊಳ್ಳಿ. ವಾರಕ್ಕೆ ನಾಲ್ಕು ಸಲ ಹಾಕಿದರೆ ವರ್ಷಕ್ಕೆ ಹತ್ತಿರ ಹತ್ತಿರ 200 ಸಲ. ಉಳಿಯುವುದು 13,000 ಲೀಟರ್. ಅಂದರೆ ಒಂದು ದೊಡ್ಡ ಟ್ಯಾಂಕರ್. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ ಆದಾಗ ಜಿಲ್ಲಾಡಳಿತ 12,000 ಲೀಟರ್ ಟ್ಯಾಂಕರ್‌ಗೆ ಐದು ಕಿಲೋಮೀಟರ್ ಒಳಗೆ 1,000 ರೂಪಾಯಿ ಅಂತ ದರ ಕಟ್ಟಿತ್ತು. ಆ ದರದಲ್ಲಿ ನೋಡಿದರೆ ವರ್ಷಕ್ಕೆ ಉಳಿಯುವುದು ಸಾವಿರದ ಚಿಲ್ಲರೆ. ಆ ಒಂದೇ ಕಾರಣಕ್ಕೆ ಓಡುತ್ತಿರುವ ಮೆಷಿನ್ ಬಿಸಾಡಿ 34,000 ಕೊಡುವುದು ಹೊಂದುವುದಿಲ್ಲ. ಆದರೆ ಟ್ಯಾಂಕರ್ ನಂಬಿಕೊಂಡ ಮನೆಯವರಿಗೆ ಇದು ಬರೀ ದುಡ್ಡಿನ ಮಾತಲ್ಲ. ಮಾರ್ಚ್ ತಿಂಗಳಲ್ಲಿ ಒಂದು ಟ್ಯಾಂಕರ್ ನೀರಿಗೆ ಎಷ್ಟು ಕಾದಿದ್ದೆವು ಅಂತ ನಮಗೆ ನೆನಪಿದೆ. ಹೇಗೂ ಬದಲಾಯಿಸುವುದೇ ಆದರೆ, ಕಡಿಮೆ ನೀರಿನ ಮೆಷಿನ್ ತಗೊಳ್ಳಲು ಇದು ಒಳ್ಳೆಯ ಕಾರಣ.

ಕರೆಂಟಿನ ಮಾತು ಇನ್ನೂ ತೆಳು. ತಣ್ಣೀರಿನಲ್ಲಿ ಒಗೆಯುವ ಟಾಪ್ ಲೋಡ್ ಒಂದು ಸಲಕ್ಕೆ ಕಾಲು ಯೂನಿಟ್ಟೂ ದಾಟುವುದು ಕಷ್ಟ. ಫ್ರಂಟ್ ಲೋಡ್‌ನಲ್ಲಿ 60 ಡಿಗ್ರಿಗೆ ಇಟ್ಟು ಒಗೆದರೆ ಹೀಟರ್ ಒಂದರಿಂದಲೇ ಸುಮಾರು ಒಂದು ಯೂನಿಟ್ ಹೋಗುತ್ತದೆ. ಹಾಗಾಗಿ ಟಾಪ್ ಲೋಡ್‌ನಿಂದ ಫ್ರಂಟ್ ಲೋಡ್‌ಗೆ ಹೋಗಿ ಪ್ರತಿ ಸಲ ಬಿಸಿನೀರು ಬಳಸಿದರೆ ಬಿಲ್ ಏರುತ್ತದೆ, ನೀರಿನಲ್ಲಿ ಉಳಿದದ್ದು ಅಲ್ಲಿಗೆ ಹೋಗುತ್ತದೆ. ಗೃಹಜ್ಯೋತಿಯಲ್ಲಿ ಇರುವವರು ತಮ್ಮ ಮಿತಿ ಎಷ್ಟು ಅಂತಲೂ ನೋಡಿಕೊಳ್ಳಬೇಕು. ಬಟ್ಟೆ ಚೆನ್ನಾಗಿ ಬಿಳುಪಾಗುತ್ತದೆ, ಬಟ್ಟೆ ಕಡಿಮೆ ಸವೆಯುತ್ತದೆ, ಇವು ಫ್ರಂಟ್ ಲೋಡ್‌ನ ನಿಜವಾದ ಲಾಭಗಳು. ಅದನ್ನು ಹೇಳಿ ಮಾರಲಿ.

ಯಾರ ಕೈಗೆ ಕೊಡುವುದು

ವಾರಂಟಿ ಇದ್ದರೆ ಕಂಪನಿಯ ಸರ್ವಿಸ್ ಸೆಂಟರೇ. ಮೋಟಾರ್‌ಗೆ ಹತ್ತು ವರ್ಷ ವಾರಂಟಿ ಅಂತ ಸ್ಟಿಕ್ಕರ್ ಇರುತ್ತದಲ್ವಾ, ಅದನ್ನು ಸರಿಯಾಗಿ ಓದಿ. ಸಾಮಾನ್ಯವಾಗಿ ಅದು ಮೋಟಾರ್ ಒಂದಕ್ಕೆ ಮಾತ್ರ. ಬೋರ್ಡ್, ಪಂಪ್, ಕೂಲಿ, ಇವು ಅದರಲ್ಲಿ ಬರುವುದಿಲ್ಲ. ಕೆಡುವುದು ಜಾಸ್ತಿ ಇವೇ.

ವಾರಂಟಿ ಮುಗಿದಿದ್ದರೆ, ಬೀದಿಯಲ್ಲಿ ಅಂಗಡಿ ಇರುವ ಮೆಕ್ಯಾನಿಕ್ ನನಗೆ ಇಷ್ಟ. ನಾಳೆ ಮತ್ತೆ ಕೆಟ್ಟರೆ ಹೋಗಿ ಕೇಳಲು ಒಂದು ಜಾಗ ಇರುತ್ತದೆ. ತೆಗೆದ ಹಳೆಯ ಭಾಗವನ್ನು ನಿಮಗೇ ಕೊಡಲು ಹೇಳಿ. ಬಿಲ್ ಮೇಲೆ ಹಾಕಿದ ಭಾಗದ ಹೆಸರು, ಎಷ್ಟು ದಿನದ ಗ್ಯಾರಂಟಿ ಅಂತ ಬರೆಸಿಕೊಳ್ಳಿ. ಫೋನಿನಲ್ಲಿ ಹುಡುಕಿ ಸಿಗುವ "ಸರ್ವಿಸ್ ಸೆಂಟರ್" ನಂಬರ್‌ಗಳ ಬಗ್ಗೆ ಹುಷಾರು. ಕಂಪನಿಯ ಹೆಸರು ಹೇಳಿಕೊಂಡು ಬಂದವರೊಬ್ಬರು ನಮ್ಮ ಬೀದಿಯ ಹಿರಿಯರೊಬ್ಬರ ಮೆಷಿನ್‌ನ ಬೋರ್ಡ್ ಬಿಚ್ಚಿಕೊಂಡು ಹೋದರು, ತಿರುಗಿ ಬರಲಿಲ್ಲ. ನಂಬರನ್ನು ಮೆಷಿನ್ ಜೊತೆ ಬಂದ ಪುಸ್ತಕದಿಂದಲೇ ತೆಗೆದುಕೊಳ್ಳಿ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರೈಟ್ ಟು ರಿಪೇರ್ ಎಂಬ ಪೋರ್ಟಲ್ ಶುರು ಮಾಡಿದೆ. ಕಂಪನಿಗಳ ಕೈಪಿಡಿ, ಸರ್ವಿಸ್, ಬಿಡಿ ಭಾಗದ ಮಾಹಿತಿ ಒಂದೇ ಕಡೆ ಸಿಗಲಿ ಎಂಬುದು ಉದ್ದೇಶ. ಮೋಸ ಆಯಿತು ಅನ್ನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಯುರೋಪ್ ಒಕ್ಕೂಟದಲ್ಲಿ 2021ರ ಮಾರ್ಚ್‌ನಿಂದ ವಾಷಿಂಗ್ ಮೆಷಿನ್‌ನ ಮುಖ್ಯ ಬಿಡಿ ಭಾಗಗಳನ್ನು ಕಂಪನಿಗಳು ಕನಿಷ್ಠ 10 ವರ್ಷ ಒದಗಿಸಲೇಬೇಕು. ಅಲ್ಲಿರುವ ನಮ್ಮ ಕನ್ನಡದವರು ರಿಪೇರಿಗೆ ಹೋಗುವಾಗ ಈ ಮಾತನ್ನು ನೆನಪಿಡಲಿ. ಇಲ್ಲಿ ನಾವು ಮುಂಗಡ ಕೊಡುವ ಮೊದಲೇ "ಈ ಮಾಡೆಲ್‌ಗೆ ಪಾರ್ಟ್ ಸಿಗುತ್ತಾ, ಎಷ್ಟು ದಿನಕ್ಕೆ?" ಅಂತ ಕೇಳಿಕೊಳ್ಳಬೇಕು. ಎರಡು ತಿಂಗಳು ಕಾಯಬೇಕು ಅಂದರೆ ಅದೂ ಒಂದು ಉತ್ತರವೇ.

ಹೊಸದೇ ಅಂತ ಆದರೆ

ಇಲ್ಲಿ ನಾನು ಜಾಸ್ತಿ ಹೇಳುವುದಿಲ್ಲ. ಮೇಲೆ ಟ್ಯಾಂಕ್ ಇಲ್ಲದ, ನಲ್ಲಿಯಲ್ಲಿ ಎರಡು ದಿನಕ್ಕೊಮ್ಮೆ ನೀರು ಬರುವ ಮನೆಗೆ ಸೆಮಿ ಆಟೋಮ್ಯಾಟಿಕ್ಕೇ ಸರಿ. ಕೊಡದಲ್ಲಿ ಸುರಿದರೂ ಒಗೆಯುತ್ತದೆ. ಸೊಂಟ ನೋವಿರುವ ಹಿರಿಯರಿಗೆ ಬಗ್ಗದೆ ಬಟ್ಟೆ ತೆಗೆಯಲು ಟಾಪ್ ಲೋಡ್ ಅನುಕೂಲ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮಳೆಗಾಲದ ಮೂರು ತಿಂಗಳು ಬಟ್ಟೆ ಒಣಗುವುದೇ ದೊಡ್ಡ ಚಿಂತೆ. ಅಲ್ಲಿಗೆ ಜೋರಾಗಿ ಹಿಂಡುವ ಫ್ರಂಟ್ ಲೋಡ್ ಒಳ್ಳೆಯದು. ಅಕ್ಕ ಮತ್ತೆ ಫ್ರಂಟ್ ಲೋಡೇ ತಂದಿದ್ದು ಇದಕ್ಕೆ.

ನಿಮ್ಮದು ಬೋರ್ ನೀರಾದರೆ ಅದರ ಗಡಸುತನ ಪರೀಕ್ಷೆ ಮಾಡಿಸಿ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಅದು ಲೀಟರಿಗೆ 200 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರು ಇಲ್ಲದಿದ್ದರೆ 600ರ ತನಕ ನಡೆಯುತ್ತದೆ. ಮೆಷಿನ್‌ಗೆ ಅಂಥ ನಿಯಮ ಇಲ್ಲ, ಆದರೆ ಗಡಸು ಜಾಸ್ತಿ ಇದ್ದಷ್ಟೂ ಹೀಟರ್ ಮೇಲೆ ಬಿಳಿ ಹೊಪ್ಪಳೆ ಬೇಗ ಕಟ್ಟುತ್ತದೆ, ಸೋಪೂ ಜಾಸ್ತಿ ಬೇಕು. ಎರಡು ತಿಂಗಳಿಗೊಮ್ಮೆ ಬಟ್ಟೆ ಹಾಕದೆ, ಡೀಸ್ಕೇಲಿಂಗ್ ಪುಡಿ ಹಾಕಿ ಬಿಸಿನೀರಿನಲ್ಲಿ ಒಂದು ಸಲ ಓಡಿಸಿ. ನಮ್ಮ ಟಾಪ್ ಲೋಡ್ ಒಂಬತ್ತು ವರ್ಷ ಬಂದದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ನಂಬಿಕೆ.

ಸಾಧ್ಯವಾದರೆ ಮೆಷಿನ್ ನಿಂತ ದಿನವೇ ಅಂಗಡಿಗೆ ಓಡಬೇಡಿ. ಬಕೆಟ್‌ನಲ್ಲಿ ಒದ್ದೆ ಬಟ್ಟೆ ಇಟ್ಟುಕೊಂಡು ಮಾಡುವ ವ್ಯಾಪಾರದಲ್ಲಿ ಚೌಕಾಸಿಗೆ ಮನಸ್ಸಿರುವುದಿಲ್ಲ. ಎರಡು ದಿನ ಕೈಯಲ್ಲಿ ಒಗೆದುಕೊಂಡು, ಮೂರು ಕಡೆ ಬೆಲೆ ಕೇಳಿ. ದಸರಾ, ದೀಪಾವಳಿ ಹತ್ತಿರ ಇದ್ದರೆ ಕಾಯುವುದಕ್ಕೂ ಅರ್ಥ ಇದೆ.

ಹಳೆಯ ಮೆಷಿನ್ ಎಲ್ಲಿಗೆ

ಎಕ್ಸ್‌ಚೇಂಜ್‌ನಲ್ಲಿ ಅಕ್ಕನ ಮೆಷಿನ್‌ಗೆ 1,200 ರೂಪಾಯಿ ಸಿಕ್ಕಿತು. ಗುಜರಿಯವರು 800 ಅಂದಿದ್ದರು. ಬೆಲೆಗಿಂತ ಅದು ಎಲ್ಲಿ ಹೋಗುತ್ತದೆ ಅನ್ನುವುದು ನನಗೆ ಮುಖ್ಯ. ಬೋರ್ಡ್‌ಗಳಲ್ಲಿ ಸೀಸ ಇರಬಹುದು, ವೈರ್ ಸುಟ್ಟು ತಾಮ್ರ ತೆಗೆಯುವ ಹೊಗೆಯನ್ನು ಯಾರೋ ಕುಡಿಯುತ್ತಾರೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಲ್ಲಿ ವಾಷಿಂಗ್ ಮೆಷಿನ್ನೂ ಸೇರಿದೆ, ಮರುಬಳಕೆಯ ಹೊಣೆ ತಯಾರಕರ ಮೇಲಿದೆ. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ ಹಳೆಯದನ್ನು ಹೇಗೆ ವಾಪಸ್ ತಗೊಳ್ಳುತ್ತೀರಿ ಅಂತ ಕೇಳಿ. ಕೇಳುವವರು ಹೆಚ್ಚಾದರೆ ಅವರೂ ಸರಿಯಾಗಿ ಮಾಡುತ್ತಾರೆ. ಕೊಡುವ ಮೊದಲು ನಿಮ್ಮ ಮೆಕ್ಯಾನಿಕ್‌ಗೂ ಒಂದು ಮಾತು ಹೇಳಿ. ಅಕ್ಕನ ಮೆಷಿನ್‌ನ ಒಂದು ವರ್ಷದ ಬೋರ್ಡ್, ಚೆನ್ನಾಗಿದ್ದ ಡ್ರೈನ್ ಪಂಪ್ ಎರಡನ್ನೂ ಅಲ್ಲಿಯ ಮೆಕ್ಯಾನಿಕ್ 2,500 ಕೊಟ್ಟು ಬಿಚ್ಚಿಕೊಂಡರು. ಭಾವನಿಗೆ ಅಷ್ಟು ಸಮಾಧಾನ ಆಯಿತು.

ಹೊಸ ಫ್ರಂಟ್ ಲೋಡ್ ಬಂದ ದಿನ ಒಂದು ಕೆಲಸ ಮರೆಯಬೇಡಿ. ಸಾಗಣೆಯಲ್ಲಿ ಡ್ರಮ್ ಅಲುಗಾಡದಿರಲಿ ಅಂತ ಹಿಂದೆ ಮೂರು ನಾಲ್ಕು ಉದ್ದನೆಯ ಟ್ರಾನ್ಸಿಟ್ ಬೋಲ್ಟ್ ಹಾಕಿರುತ್ತಾರೆ. ಅವನ್ನು ತೆಗೆಯದೆ ಓಡಿಸಿದರೆ ಮೊದಲ ಸ್ಪಿನ್ನಿಗೇ ಮೆಷಿನ್ ಮನೆ ತುಂಬ ನಡೆದಾಡುತ್ತದೆ, ಒಳಗೂ ಪೆಟ್ಟಾಗುತ್ತದೆ. ತೆಗೆದ ಬೋಲ್ಟ್‌ಗಳನ್ನು ಬಿಸಾಡಬೇಡಿ. ಬಿಲ್ ಜೊತೆ ಒಂದು ಕವರ್‌ನಲ್ಲಿ ಹಾಕಿ ಬೀರುವಿನಲ್ಲಿ ಇಡಿ, ಮುಂದೆ ಮನೆ ಬದಲಾಯಿಸುವಾಗ ಮತ್ತೆ ಹಾಕಬೇಕಾಗುತ್ತದೆ.